ಪೇಟಿಯ ಮೇಲೊಂದು ಟ್ಯಾಬ್

ಪೇಟಿ ಬಾರಿಸುವವನ ಪಾಡು ಹಾಡುವವರಿಗೆ ತಿಳಿಯುವುದಿಲ್ಲ. ಅವರು ಕಣ್ಣು ಮುಚ್ಚಿಕೊಂಡು ಹಾಡುತ್ತಾರೆ. ಕಣ್ಣು ಬಿಟ್ಟುಕೊಂಡು ಕೂತ ನಮಗೆ ವಾರಕ್ಕೊಂದಾದರೂ ಫಜೀತಿ ತಪ್ಪಿದ್ದಲ್ಲ.

ನಾನು ಧಾರವಾಡದ ಕಡೆಯವನು. ಪುಣೆಯ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತಿಕೆ ಮುಗಿಸಿ, ಈಗ ಅಲ್ಲಿಯದೇ ವಾಕಡ ಬಡಾವಣೆಯ ನಮ್ಮ ವಸತಿ ಸೊಸೈಟಿಯ ಕನ್ನಡ ಭಜನಾ ಮಂಡಳಿಗೆ ಹಾರ್ಮೋನಿಯಂ, ಅಂದರೆ ನಮ್ಮ ಕಡೆಯ ಪೇಟಿ, ಬಾರಿಸುತ್ತೇನೆ. ಸ್ವರ ಬರೆದ ಹಾಳೆ ಎದುರಿಗಿಲ್ಲದಿದ್ದರೆ ನನ್ನ ಕೈ ಓಡುವುದಿಲ್ಲ. ಕಳೆದ ಏಕಾದಶಿಯಂದು ಫ್ಯಾನಿನ ಗಾಳಿಗೆ ಹಾಳೆಗಳು ಹಾರಿ ಹೋದವು. ಮಂಡಳಿ ಒಂದು ಹಾಡು ಹಾಡಿತು, ನಾನು ಇನ್ನೊಂದು ಬಾರಿಸಿದೆ.

ಮಂಡಳಿಯ ಮುಖ್ಯ ಗಾಯಕಿ ಬೆಳಗಾವಿಯ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ನಾವೆಲ್ಲ ಅವರನ್ನು ಅಕ್ಕಾರು ಅನ್ನುತ್ತೇವೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, "ಗೋಕುಲಾಷ್ಟಮಿಗೂ ಹಿಂಗಾತಂದ್ರ ಶಿರೂರಿನಿಂದ ನಮ್ಮ ಮೈದುನನ್ನ ಕರಸ್ತೀನ್ರಿ. ಅವಂಗ ಹಾಳಿ-ಗೀಳಿ ಏನೂ ಬೇಕಾಗೂದಿಲ್ಲ" ಅಂದರು.

ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಪೇಟಿಯ ಮುಂದಿನ ಜಾಗ ಹೋದರೆ ಸೊಸೈಟಿಯಲ್ಲಿ ನನಗೆ ಉಳಿಯುವುದು ಹಿರಿಯರ ಮುಂಜಾನೆಯ ನಗೆಕೂಟ ಒಂದೇ. ಅಲ್ಲಿ ನಗು ಬರುವಂಥದ್ದು ಏನೂ ಇರುವುದಿಲ್ಲ. ಹಾರಿ ಹೋಗದಂಥ ಹಾಳೆ ಬೇಕು, ಅಂದರೆ ಒಂದು ಟ್ಯಾಬ್ ಬೇಕು, ಅದೂ ಪಿಂಚಣಿಗೆ ಎಟುಕುವಂಥದ್ದು ಎಂದು ತೀರ್ಮಾನಿಸಿದೆ.

೧. ಪಟ್ಟಿ

ಮೇಲಿನ ಮಹಡಿಯಲ್ಲಿ ಬೆಂಗಳೂರಿನ ಒಬ್ಬ ಎಂಜಿನಿಯರ್ ಇದ್ದಾರೆ. ಸಲಹೆ ಕೇಳಿದ್ದೇ ತಡ, ಒಂದು ವಾರ ಕೂತು ಹದಿನಾಲ್ಕು ಟ್ಯಾಬ್‌ಗಳ ಪಟ್ಟಿ ಮಾಡಿ ತಂದರು.

"ನೋಡಿ ಸಾರ್, ಪ್ರೊಸೆಸರ್, ಬ್ಯಾಟರಿ, ಮುಂದಿನ ಕ್ಯಾಮೆರಾ, ಹಿಂದಿನ ಕ್ಯಾಮೆರಾ, ಎಲ್ಲಾ ಕಂಪೇರ್ ಮಾಡಿದ್ದೀನಿ. ಇದ್ರಲ್ಲಿ ಗೇಮ್ ಆಡಿದ್ರೆ ಒಂಚೂರೂ ಬಿಸಿ ಆಗಲ್ಲ."

"ಅದೆಲ್ಲಾ ಛಲೋ ಆತ್ರಿ. ಇಷ್ಟು ದಪ್ಪ ಅಕ್ಷರದಾಗ ಬರದ ಸ್ವರ ಎರಡು ಮೊಳ ದೂರದಿಂದ ನನಗ ಯಾವುದರಾಗ ಕಾಣತಾವ?"

ಅವರು ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದರು.

"ಸಾರ್, ಆ ಕಾಲಮ್ ಹಾಕೋದೇ ಮರ್ತೆ."

೨. ಅಳತೆ

ಕಣ್ಣಾರೆ ನೋಡಿಯೇ ಕೊಳ್ಳೋಣ ಎಂದು ಅಂಗಡಿಗೆ ಹೊರಟೆ. ಟ್ಯಾಬ್ ಕೊಂಡು ತಂದ ಮೇಲೆ ಅದು ಪೇಟಿಯ ಮೇಲೆ ನಿಲ್ಲದಿದ್ದರೆ? ಚಪ್ಪಲಿ ಕೊಳ್ಳಲು ಕಾಲು ಒಯ್ಯುವುದಿಲ್ಲವೇ? ಪೇಟಿಯನ್ನೇ ರಿಕ್ಷಾದಲ್ಲಿಟ್ಟುಕೊಂಡು ಹೋದೆ. ಹೆಂಡತಿ ಬರುವುದಿಲ್ಲ ಎಂದು ಖಡಾಖಂಡಿತ ಹೇಳಿದಳು.

ಅಂಗಡಿಯ ಬಾಗಿಲಲ್ಲಿ 'ಹಳೆಯದು ಕೊಡಿ, ಹೊಸದು ಒಯ್ಯಿರಿ' ಎಂದು ಮರಾಠಿಯಲ್ಲಿ ದೊಡ್ಡ ಫಲಕ ಹಾಕಿದ್ದರು. ನಾನು ಅದನ್ನು ಗಮನಿಸಲಿಲ್ಲ. ಏದುಸಿರು ಬಿಡುತ್ತ ಪೇಟಿಯನ್ನು ಗಾಜಿನ ಮೇಜಿನ ಮೇಲಿಟ್ಟೆ. ಮಾಲೀಕ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸ್ವರದ ಒಂದು ಮನೆ ಒತ್ತಿ ನೋಡಿದ. ಗಾಳಿ ತುಂಬುವ ಭಾತಿ ಎಳೆಯದೆ ಸದ್ದು ಎಲ್ಲಿಂದ ಬರಬೇಕು?

"ಕಾಕಾ," ಎಂದ ಬಹಳ ಮರುಕದಿಂದ, ಮರಾಠಿಯಲ್ಲಿ, "ಎಕ್ಸ್‌ಚೇಂಜಿಗೆ ಇದನ್ನು ತಗೊಳ್ಳೋದಿಲ್ಲ. ಮೇಲಾಗಿ ಇದು ಚಾಲೂ ಕೂಡ ಆಗ್ತಾ ಇಲ್ಲ."

೩. ನಿಲ್ಲುವ ಜಾಗ

ಅಂತೂ ಹನ್ನೊಂದು ಇಂಚಿನ ಒಂದು ಅಗ್ಗದ ಟ್ಯಾಬ್ ಪೇಟಿಯ ಮೇಲೆ ನಿಂತಿತು. ಹಾಳೆಗಳ ಫೋಟೋ ತೆಗೆದು ಅದರಲ್ಲಿ ಹಾಕಿದೆ. ತಾಲೀಮು ಶುರುವಾಯಿತು.

ಮುಟ್ಟದೆ ಬಿಟ್ಟರೆ ಅರ್ಧ ನಿಮಿಷಕ್ಕೆ ಟ್ಯಾಬ್ ಕಪ್ಪಾಗುತ್ತಿತ್ತು. ಹೊಸ ಭಜನೆಯ ಎರಡನೆಯ ಸಾಲಿನ ನಡುವೆ ಸರಿಯಾಗಿ ಕಪ್ಪಾಗುವುದು, ನಾನು ನಿಲ್ಲುವುದು, ಮಂಡಳಿಯೂ ನಿಲ್ಲುವುದು, ಬೆರಳಿನಿಂದ ಮುಟ್ಟಿ ಎಬ್ಬಿಸಿದ ಮೇಲೆ ಮುಂದಕ್ಕೆ ಸಾಗುವುದು. ಮೂರು ವಾರ ಹೀಗೇ ನಡೆಯಿತು. ಕಡೆಗೆ ಎಂಜಿನಿಯರ್ ಬಂದು ಏನೋ ಒತ್ತಿ ಅದನ್ನು ಸರಿಮಾಡಿದರು.

ಮರುದಿನ ನಾನು ತಡೆಯಿಲ್ಲದೆ ಬಾರಿಸಿಕೊಂಡು ಹೊರಟೆ. ಎರಡನೆಯ ಸಾಲಿನ ನಡುವೆ ಹನ್ನೊಂದೂ ಹೆಂಗಸರು ಗಪ್ಪನೆ ನಿಂತರು. ಟ್ಯಾಬ್ ಸರಿಹೋಗಿದೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

"ನಿಲ್ಲೂದ ಛಂದ ಅದ, ಬಿಡ್ರಿ," ಅಂದರು ಅಕ್ಕಾರು. "ಅಲ್ಲೆ ಭಕ್ತಿ ಭಾಳ ಬರ್ತದ."

೪. ತಲೆ

ಉಳಿದದ್ದು ಪುಟ ತಿರುಗಿಸುವ ಸಮಸ್ಯೆ. ಪೇಟಿಯವನ ಎಡಗೈ ಭಾತಿಗೆ, ಬಲಗೈ ಮನೆಗಳಿಗೆ. ಕಾಲಿನಿಂದ ಒತ್ತಿ ಪುಟ ತಿರುಗಿಸುವ ಯಂತ್ರವೊಂದು ಸಿಗುತ್ತದಂತೆ. ಚಕ್ಕಳಮಕ್ಕಳ ಹಾಕಿ ಕೂತವನು ಕಾಲನ್ನು ಎಲ್ಲಿಂದ ತರಬೇಕು?

"ಕ್ಯಾಮೆರಾ ಇದೆಯಲ್ಲ ಸಾರ್," ಅಂದರು ಎಂಜಿನಿಯರ್, "ನೀವು ತಲೆ ಆಡಿಸಿದ್ರೆ ಸಾಕು, ಅದೇ ನೋಡ್ಕೊಂಡು ಪುಟ ತಿರುಗಿಸುತ್ತೆ." ಮನೆಯಲ್ಲಿ ಒಬ್ಬನೇ ಕೂತು ನೋಡಿದೆ. ಅದ್ಭುತವಾಗಿ ತಿರುಗಿತು.

ಮನೆಯಲ್ಲಿ ನಾನು ಒಬ್ಬನೇ ಇದ್ದೆ, ಆದರೆ ಗೋಕುಲಾಷ್ಟಮಿಯ ದಿನ ಎದುರಿಗೆ ಅಕ್ಕಾರು ಹಾಡುತ್ತಿದ್ದರು. ಒಳ್ಳೆಯ ಜಾಗ ಬಂದಾಗ ತಲೆದೂಗುವುದು ನಮ್ಮ ಕಡೆಯವರ ರಕ್ತದಲ್ಲೇ ಇದೆ. ಮೊದಲ ಹಾಡಿನ ಮೊದಲ ತಾನಿಗೇ "ವಾಹ್" ಅಂದು ತಲೆದೂಗಿದೆ. ಪುಟ ತಿರುಗಿಬಿಟ್ಟಿತು. ಭಾತಿ ಬಿಟ್ಟು ಎಡಗೈಯಿಂದ ಅದನ್ನು ವಾಪಸು ತಂದೆ. ಶಿರೂರಿನ ಮೈದುನ ಕಣ್ಣ ಮುಂದೆ ಬಂದ. ಅಲ್ಲಿಂದ ಮುಂದೆ ಪುಟ ಮುಗಿಯುವವರೆಗೂ ಕುತ್ತಿಗೆ ಬಿಗಿ ಹಿಡಿದು ಕೂತೆ.

ಕಡೆಯ ಭಜನೆ ಬಂತು. ಅಕ್ಕಾರು ಪ್ರಾಣವಿಟ್ಟು ಹಾಡಿದರು, ನಾನು ಅಲುಗಲಿಲ್ಲ. ಅವರ ಮುಖ ಸಣ್ಣದಾಯಿತು. ಈ ಮನುಷ್ಯನ ತಲೆ ಆಡಿಸದೆ ಏಳುವುದಿಲ್ಲ ಎಂದು ಹಟ ತೊಟ್ಟರೋ ಏನೋ, ಅದೇ ಸಾಲನ್ನು ಮತ್ತೆ ಹಿಡಿದರು. ಮೇಲಿನಿಂದ, ಕೆಳಗಿನಿಂದ, ಸುತ್ತಿಸಿ, ಬಳಸಿ ಹಾಡಿದರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ತಬಲಾದವರ ಬೆವರು ಇಳಿಯುತ್ತಿತ್ತು. ಪ್ರಸಾದದ ಅವಲಕ್ಕಿ ಹಿಡಿದು ನಿಂತ ಹೆಂಗಸರು ಕಾಲು ಬದಲಿಸುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತ ನನ್ನ ಹೆಂಡತಿ ಹಲ್ಲು ಕಚ್ಚಿ, "ಒಮ್ಮಿ ತಲಿ ಆಡಸ್ರಿ! ನಿಮ್ಮ ಗಂಟೇನು ಹೋಗ್ತದ?" ಎಂದು ಸಿಡುಕಿದಳು.

ಅಷ್ಟರಲ್ಲಿ ಅಕ್ಕಾರು ತಾರ ಷಡ್ಜ ಹಿಡಿದು ನಿಂತರು. ಆಹಾ, ಏನು ಸ್ವರ ಅದು! ನನ್ನಿಂದ ತಡೆಯಲಾಗಲಿಲ್ಲ. ಅಷ್ಟೂ ಹೊತ್ತು ಕಟ್ಟಿಟ್ಟ ತಲೆಯನ್ನು ಮನಸಾರೆ ತೂಗಿದೆ.

ಪುಟ ತಿರುಗಿತು. ಮುಂದಿನ ಪುಟದಲ್ಲಿದ್ದದ್ದು ಮಂಗಳಾರತಿ. ಕಣ್ಣು ಕಂಡದ್ದನ್ನು ನನ್ನ ಬೆರಳು ಬಾರಿಸಿಬಿಟ್ಟಿತು. ಆ ಸ್ವರ ಕಿವಿಗೆ ಬಿದ್ದದ್ದೇ ಸಭೆ ಧಡಕ್ಕನೆ ಎದ್ದು ನಿಂತಿತು. ಯಾರೋ ಗಂಟೆ ಬಾರಿಸಿದರು, ಯಾರೋ ಕರ್ಪೂರ ಹಚ್ಚಿದರು. ಬಾಯಿ ತೆರೆದಿದ್ದ ಅಕ್ಕಾರಿಗೆ ಮಂಗಳಾರತಿ ಹಾಡದೆ ಗತ್ಯಂತರವಿರಲಿಲ್ಲ.

ಮುಗಿದ ಮೇಲೆ ನನ್ನ ಕಥೆ ಮುಗಿಯಿತೆಂದೇ ಪೇಟಿ ಮುಚ್ಚುತ್ತಿದ್ದೆ. ಅಕ್ಕಾರು ಬಂದು ನಿಂತರು. "ಕಡೀಕಾದ್ರೂ ತಲಿದೂಗಿದ್ರಲ್ಲ, ನನ್ನ ಜೀವ ತಂಪಾತು. ಮುಂದಿನ ಏಕಾದಶಿಗೂ ನೀವ ಬರ್ರಿ" ಅಂದರು.

ಅವರ ಹಿಂದೆಯೇ ಸೊಸೈಟಿಯ ಸೆಕ್ರೆಟರಿ ಓಡಿಬಂದರು. ಅವರು ಸೊಲ್ಲಾಪುರದ ಕಡೆಯವರು. ನನ್ನ ಎರಡೂ ಕೈ ಹಿಡಿದುಕೊಂಡು, ಆಚೀಚೆ ನೋಡಿ, ದನಿ ತಗ್ಗಿಸಿ ಹೇಳಿದರು: "ಕಾಕಾ, ಜನೆವರಿ ಇಪ್ಪತ್ತಾರಕ್ಕ ನೀವು ಪೇಟಿ ತಗೊಂಡು ಬರಲಿಕ್ಕೇ ಬೇಕು. ಅವತ್ತ ನಮ್ಮ ಚೇರಮನ್ ಸಾಹೇಬರ ಎರಡು ತಾಸಿನ ಭಾಷಣ ಅದರಿ."