ವಲ್ಲಿ ಕೆಳಗಿನ ಆಟ

ಕೈ ಮೊಸರಾದರೆ ಬಾಯಿ ಕೆಸರು ಎಂದು ಹಿರಿಯರು ಹೇಳಿದ್ದಾರೆ. ಹಾಗೆ ಹೇಳಿಲ್ಲ ಎಂದು ನೀವು ತಕರಾರು ತೆಗೆಯಬಹುದು. ಅವರು ಆದವಾನಿಯ ಏಕಾಂತಪ್ಪನನ್ನು ಕಂಡಿರಲಿಲ್ಲ. ಕಂಡಿದ್ದರೆ ಹಾಗೆಯೇ ಹೇಳುತ್ತಿದ್ದರು. ಕತೆ ಖಂಡಿತ ನಿಜ. ಸಾಕ್ಷಿ ಬೇಕೆಂದರೆ ಏಕಾಂತಪ್ಪನ ಎಡಗಡೆಯ ಮೂರನೆಯ ಪಕ್ಕೆಲುಬನ್ನು ಕೇಳಬಹುದು.

ಮದರಾಸಿನಲ್ಲಿ ತರಬೇತಿ ಪಡೆದ ಡ್ರಿಲ್ ಮೇಷ್ಟ್ರೊಬ್ಬರು ಬಾಸ್ಕೆಟ್‌ಬಾಲ್ ಎಂಬ ಆಟವನ್ನು ಊರಿಗೆ ತಂದು, ಮರುವರ್ಷವೇ ವರ್ಗವಾಗಿ ಹೋದರು. ಆಟ ಮಾತ್ರ ಉಳಿಯಿತು. ಹತ್ತಿ ಬಜಾರಿನ ಹಿಂದಿನ ಬಯಲಲ್ಲಿ ಎರಡು ಈಚಲ ಕಂಬ ನೆಟ್ಟು, ಹತ್ತಿ ಹೊರುವ ಬುಟ್ಟಿಗಳ ತಳ ಕೊಯ್ದು ಕಟ್ಟಿದರು. ಸಾವಕಾರ ಚನ್ನಬಸಯ್ಯನವರ ಮಿಲ್ಲಿಗೂ ಸಾವಕಾರ ಮರಿಬಸಪ್ಪನವರ, ಹತ್ತಿ ಒತ್ತಿ ಅಂಡಿಗೆ ಕಟ್ಟುವ ಪ್ರೆಸ್ಸಿಗೂ ಅದುವರೆಗೆ ಹತ್ತಿಯಲ್ಲಿ ಪೈಪೋಟಿ ಇತ್ತು. ಈಗ ಹತ್ತಿ ತೆಗೆದ ಬುಟ್ಟಿಯಲ್ಲೂ ಶುರುವಾಯಿತು. ಇಬ್ಬರೂ ಚೆಂಡು ಹಿಡಿಯುವುದಕ್ಕೆಂದೇ ಸಂಬಳ ಕೊಟ್ಟು ಆಳುಗಳನ್ನು ಇಟ್ಟುಕೊಂಡರು.

ಏಕಾಂತಪ್ಪ ಚನ್ನಬಸಯ್ಯನವರ ಮಿಲ್ಲಿನ ಗುಮಾಸ್ತ. ಜೋಳದ ದಂಟಿಗೆ ಅಂಗಿ ತೊಡಿಸಿದಂತಿದ್ದ. ಮೇಷ್ಟ್ರು ಬಿಟ್ಟುಹೋದ ಇಂಗ್ಲಿಷ್ ನಿಯಮದ ಪುಸ್ತಕ ಓದಬಲ್ಲವನು ಅವನೊಬ್ಬನೇ ಎಂದು ಅವನನ್ನೂ ತಂಡಕ್ಕೆ ಸೇರಿಸಿದ್ದರು. ಎದುರಾಳಿಯನ್ನು ತಡೆಯುವಾಗ ಯಾವುದು ಮೈಯಾಟ, ಯಾವುದು ಮೋಸದಾಟ ಎಂಬುದು ಅವನಿಗೆ ಕಂಠಪಾಠ. ಎದೆಯೊಡ್ಡಿ ದಾರಿಗೆ ಅಡ್ಡ ನಿಂತರೆ ಮೈಯಾಟ. ಕೈ ಹಿಡಿದರೆ, ಕಾಲು ಕೊಟ್ಟರೆ, ಚಿವುಟಿದರೆ ಮೋಸದಾಟ. ಓದುವುದು ಅವನ ಕೆಲಸ, ಒಡ್ಡುವ ಎದೆ ಬೇರೆಯವರದು. ಹೀಗಾಗಿ ಇಷ್ಟು ದಿನ ಸುಖವಾಗಿದ್ದ.

ಸಂಜೆ ಪ್ರೆಸ್ಸಿನವರ ಜೊತೆ ಪಂದ್ಯವಿದ್ದ ಒಂದು ಭಾನುವಾರ ಬೆಳಿಗ್ಗೆ ಸುಖ ಮುಗಿಯಿತು. ಮಿಲ್ಲಿನ ಬಾಗಿಲಲ್ಲಿ ಸಾವಕಾರರ ಜಟಕಾ ನಿಂತಿತ್ತು. ಪರದೆ ಇಳಿಬಿಟ್ಟಿತ್ತು. ಏಕಾಂತಪ್ಪ ಕೈಮುಗಿದು ದಾಟುವಷ್ಟರಲ್ಲಿ ಒಳಗಿನಿಂದ ಮೂರು ಸಲ ಕೆಮ್ಮು ಕೇಳಿತು. ಆಮೇಲೆ ಎಲೆಅಡಿಕೆ ತುಂಬಿದ ಬಾಯಿಯ ದನಿ.

"ಏಕಾಂತಪ್ಪಾ! ಇವತ್ತು ಬಜಾರಪ್ಪನ್ನ ನೀನ ತಡೀಬೇಕು. ಏನಂದಿ?"

"ನಾನಾ? ಬುದ್ಧೀ, ಆಂವ ಪ್ರೆಸ್ಸಿನ ಮೇಸ್ತ್ರಿ ಅದಾನರಿ. ಹತ್ತಿ ಅಂಡಿಗಿನ ಒಬ್ಬನ ಎತ್ತತಾನ..."

"ಆಂವ ಒಂದ ಒಂದು ಬುಟ್ಟಿ ಹಾಕಿದ್ರೂ ನಾಳಿಂದ ನೀನು ಕುರ್ಚಿ ಬಿಟ್ಟು ಹತ್ತಿ ತುಳಿಯಾಕ ಹೋಗು. ಏನಂದಿ?"

ಏಕಾಂತಪ್ಪ ಪರದೆಗೇ ಇನ್ನೊಮ್ಮೆ ಕೈಮುಗಿದ. ಹತ್ತಿ ತುಳಿಯುವುದೆಂದರೆ ಗೋಣಿಯ ದೊಡ್ಡ ಚೀಲದೊಳಗೆ ಇಳಿದು, ಮೇಲಿನಿಂದ ಹತ್ತಿ ಸುರಿದಂತೆ ಸಂಜೆವರೆಗೆ ಕುಣಿಯುವುದು. ಹೊರಗೆ ಬಂದವನನ್ನು ಹೆಂಡತಿಯೂ ಗುರುತು ಹಿಡಿಯಲಾರಳು. ಏಕಾಂತಪ್ಪನ ಅಪ್ಪ ತುಳಿದು ತುಳಿದು ಕೆಮ್ಮಿ ಸತ್ತಿದ್ದ. ಆ ಚೀಲದಿಂದ ಮೇಲೆದ್ದು ಕುರ್ಚಿ ಹತ್ತಲು ಮಗ ಹತ್ತು ವರ್ಷ ಓದಿದ್ದ.

ಬಾವಿಕಟ್ಟೆಗೆ ಹೋಗಿ ಮುಖ ತೊಳೆದು ಕಚೇರಿಗೆ ಬಂದಾಗ ಜೊತೆಯ ಗುಮಾಸ್ತ ಹಾಲಸ್ವಾಮಿ ಕಾದಿದ್ದ. ಈ ಹಾಲಸ್ವಾಮಿ ಗಿರಣಿಯ ಕೂಗನ್ನು ಬಾಯಿಂದಲೇ ಕೂಗಿ ಕೂಲಿಗಳನ್ನು ಊಟಕ್ಕೆ ಬಿಟ್ಟವನು. ರೈಲಿನ ಗಾರ್ಡಿನ ಸೀಟಿ ಊದಿ ಗುಂತಕಲ್ ಗಾಡಿಯನ್ನು ಎರಡು ನಿಮಿಷ ಮೊದಲೇ ಹೊರಡಿಸಿದವನು ಎಂದು ಪ್ರತೀತಿ.

"ಮುಖ ಯಾಕ ಹಿಂಗ ಆಗೈತಿ? ಹಿಂಡಿದ ನಿಂಬಿಕಾಯಿ ಆಗೀಯಲ್ಲೋ!"

ಏಕಾಂತಪ್ಪ ಎಲ್ಲ ಹೇಳಿದ. ಹಾಲಸ್ವಾಮಿ ಬಲು ಮರುಗಿದ. ಮರುಗುವಾಗ ಎರಡು ಸಲ ಬಾಗಿಲ ಹಿಂದೆ ಹೋಗಿ ಬಂದ.

"ಪುಸ್ತಕ ಮುಚ್ಚಿಡು," ಎಂದ. "ಆಂವ ಹಾರೂ ಹೊತ್ತಿನಾಗ ಹೆಬ್ಬೆರಳು ತುಳಿ. ಮೂಗಿಗೆ ನಶ್ಯ ಊದು. ಧೋತರದ ಕಚ್ಚಿ ಎಳಿ."

"ಅದು ಮೋಸದಾಟಲೋ!"

"ಹಂಗಾರ ಮೈಯಾಟ ಆಡು. ಮೈ ಎಲ್ಲೈತಿ ನಿನಗ?"

ಮಾತು ಖರೇ ಇತ್ತು. ಏಕಾಂತಪ್ಪ ಮನೆಗೆ ಬಂದು ಗೋಡೆಗೆ ಒರಗಿ ಕೂತ. ಹಾಲಸ್ವಾಮಿಯ ಕೃಪೆಯಿಂದ ಸುದ್ದಿ ಅವನಿಗಿಂತ ಮೊದಲೇ ಓಣಿಗೆ ಬಂದಿತ್ತು. ಪಕ್ಕದ ಮನೆಯ ಶಾಂತಕ್ಕ ಅರಿಶಿಣದ ಬಟ್ಟಲು ಹಿಡಿದು ಬಂದಳು.

"ಏಕಾಂತೂ, ಪೆಟ್ಟು ಬೀಳೂ ಮೊದಲ ಹಚ್ಚಿಬಿಡ್ತೀನಿ. ಆಮ್ಯಾಲೆ ನಿನ್ನ ಮುಟ್ಟಾಕ ಆಗತೈತೋ ಇಲ್ಲೋ."

"ಅಕ್ಕಾ, ಧೈರ್ಯ ಹೇಳಾಕ ಬಂದಿಯೋ, ಹೆಣ ತೊಳಿಯಾಕ ಬಂದಿಯೋ?"

"ಧೈರ್ಯನ ಹೇಳಾಕ ಹತ್ತೀನಪಾ. ಹ್ವಾದ ತಿಂಗಳು ಬಜಾರಪ್ಪಗ ಅಡ್ಡ ನಿಂತಾಂವ ಈಗ ಗಂಜಿ ಕುಡಿಯಾಕ ಹತ್ಯಾನಂತ. ಅಂದ್ರ, ಬದುಕ್ಯಾನ!"

ಇಷ್ಟು ಧೈರ್ಯ ಹೇಳಿ, ಮೈಗೆ ಅರಿಶಿಣ ಬಳಿದು, ಅದರ ಮೇಲೆ ಉದ್ದನೆಯ ಹಳೆ ವಲ್ಲಿಯೊಂದನ್ನು ಪಕ್ಕೆಲುಬಿನ ಸುತ್ತ ಬಿಗಿದಳು. ಹೆಗಲ ಮೇಲೆ ಹಾಕುವ ವಲ್ಲಿ ಎಲುಬು ಕಾಯಲು ಹೊರಟಿತು.

ಸಂಜೆ ಬಯಲು ತುಂಬಿತ್ತು. ರೆಫರಿ ದಲಾಲ ಯರ್ರೆಪ್ಪ. ಮೂವತ್ತು ವರ್ಷ ಹತ್ತಿ ವ್ಯಾಪಾರ ಮಾಡಿಸಿದವನು. ಎರಡೂ ಕಡೆಯವರು ನಂಬುವ ಒಬ್ಬನೇ ಮನುಷ್ಯ. ಸೀಟಿ ಊದಿದ. ಚೆಂಡು ಬಜಾರಪ್ಪನ ಕೈಗೆ ಬಂತು. ಏಕಾಂತಪ್ಪ ಕಣ್ಣು ಮುಚ್ಚಿ, ಪುಸ್ತಕದಲ್ಲಿ ಹೇಳಿದಂತೆ ಎದೆಯೊಡ್ಡಿ ನಿಂತ. ಕಣ್ಣು ತೆರೆದಾಗ ಆಕಾಶ ಕಾಣುತ್ತಿತ್ತು.

"ಯರ್ರೆಪ್ಪಣ್ಣಾ! ಮೊಣಕೈಲೆ ಪಕ್ಕಿಗಿ ಗುದ್ದಿದ! ಮೋಸದಾಟ!"

"ಮೊಣಕೈ ಮೈಯಾಗ ಬರತೈತೋ ಇಲ್ಲೋ?" ಎಂದ ಯರ್ರೆಪ್ಪ. "ಹಂಗಾರ ಮೈಯಾಟ. ಏಳು."

ಪುಣ್ಯಕ್ಕೆ ಚೆಂಡು ಬುಟ್ಟಿಯ ಅಂಚಿಗೆ ಬಡಿದು ಹೊರಗೆ ಬಿತ್ತು. ಎರಡನೆಯ ಸಲವೂ ಅಷ್ಟೇ: ಏಕಾಂತಪ್ಪ ಕೆಳಗೆ, ಚೆಂಡು ಅಂಚಿಗೆ. ಬಜಾರಪ್ಪನೇ ಬಗ್ಗಿ ಅವನನ್ನು ಎತ್ತಿ ನಿಲ್ಲಿಸಿ ಧೂಳು ಕೊಡವಿದ.

"ಏಮ್ ಸಾಮಿ, ಓದಿದೋರು, ನಿಮಗ್ಯಾಕ ಈ ಗೊಡವಿ? ಪಕ್ಕಕ್ಕ ನಿಲ್ರಿ, ಹಾಕಿ ಹೋಗತೀನಿ."

ಏಕಾಂತಪ್ಪನ ಕಣ್ಣ ಮುಂದೆ ಗೋಣಿಚೀಲದ ಬಾಯಿ ತೆರೆದುಕೊಂಡಿತು. ಅಪ್ಪನ ಕೆಮ್ಮು ಕೇಳಿಸಿತು. ಅಷ್ಟರಲ್ಲಿ ಪಕ್ಕೆಗೆ ಬಿಗಿದ ವಲ್ಲಿ ಸಡಿಲಾಗಿ ಕೈಗೆ ಬಂತು. ಜೊತೆಗೊಂದು ಉಪಾಯವೂ ಬಂತು.

ಆದವಾನಿಯ ಬಜಾರಿನಲ್ಲಿ ಹತ್ತಿಯಿರಲಿ, ಎತ್ತಿರಲಿ, ಕೂಲಿಯಾಳಿರಲಿ, ಮಾತು ನಡೆಯುವುದು ಬಾಯಿಂದಲ್ಲ. ಇಬ್ಬರ ಕೈ ಮೇಲೆ ವಲ್ಲಿ ಬೀಳುತ್ತದೆ. ಒಳಗೆ ಬೆರಳು ಹಿಡಿದು ಲೆಕ್ಕ ಹೇಳುತ್ತಾರೆ. ಆಗ ಮೂರನೆಯವನು ಅತ್ತ ನೋಡಬಾರದು. ನೋಡಿದವನಿಗೆ ಬಜಾರಿನಲ್ಲಿ ಮರ್ಯಾದೆ ಇಲ್ಲ. ಏಕಾಂತಪ್ಪ ಯೋಚಿಸಿದ: ವಲ್ಲಿ ಹಾಕಿ ಬಜಾರಪ್ಪನ ಕೈ ಹಿಡಿದರೆ ಯರ್ರೆಪ್ಪ ರೂಢಿಯಂತೆ ಮುಖ ತಿರುಗಿಸಿಯೇ ತಿರುಗಿಸುತ್ತಾನೆ. ನೋಡದ ಮೋಸಕ್ಕೆ ಸೀಟಿ ಇಲ್ಲ.

ಮೂರನೆಯ ಸಲ ಬಜಾರಪ್ಪ ಚೆಂಡನ್ನು ಎಡಗೈಯಲ್ಲಿ ಎತ್ತಿದ್ದೇ ತಡ, ಏಕಾಂತಪ್ಪ ಅವನ ಬಲಗೈ ಮೇಲೆ ವಲ್ಲಿ ಎಸೆದು, ಒಳಗೆ ಕೈ ಹಾಕಿ ಗಟ್ಟಿಯಾಗಿ ಹಿಡಿದ.

ಯರ್ರೆಪ್ಪ ಸರಕ್ಕನೆ ಮುಖ ತಿರುಗಿಸಿದ. ಉಪಾಯ ಫಲಿಸಿತು, ಬೇಕಾದ್ದಕ್ಕಿಂತ ಹೆಚ್ಚೇ ಫಲಿಸಿತು. ಇಡೀ ಬಯಲೇ ಮುಖ ತಿರುಗಿಸಿತು. ಎಂಟು ಆಟಗಾರರು ಇದ್ದಲ್ಲೇ ನಿಂತರು. ಕೂಗುತ್ತಿದ್ದ ಜನ ಬಾಯಿ ಮುಚ್ಚಿದರು. ಬಜಾರಪ್ಪ ಚೆಂಡನ್ನು ಕೈಬಿಟ್ಟ. ಅವನ ಮುಖದ ಮೇಲೆ ನಿಧಾನವಾಗಿ ವ್ಯಾಪಾರದ ಗಾಂಭೀರ್ಯ ಇಳಿಯಿತು.

"ಓಹೋ," ಎಂದು ಪಿಸುಗುಟ್ಟಿದ. "ಇದಾ ವಿಷಯ? ಮೊದಲ ಹೇಳಬಾರದಾ ಸಾಮಿ?"

ಒಳಗೆ ಏಕಾಂತಪ್ಪ ಐದೂ ಬೆರಳು ಅದುಮಿ ಹಿಡಿದಿದ್ದ. ಬಜಾರಪ್ಪ ತಲೆಯಲ್ಲಾಡಿಸಿ ಒಂದು ಬೆರಳು ಬಿಡಿಸಿಕೊಂಡ. ಆಮೇಲೆ ಇನ್ನೊಂದು. ಮತ್ತೊಂದು. ಉಳಿದ ಎರಡನ್ನು ಏಕಾಂತಪ್ಪ ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ ಹಿಡಿದ. ಯರ್ರೆಪ್ಪ ಹಿಮ್ಮುಖವಾಗಿಯೇ ಬಂದು ವಲ್ಲಿ ಎತ್ತಿದ. ವಲ್ಲಿ ಎತ್ತಿದಾಗ ಕೈಯಲ್ಲಿ ಎಷ್ಟು ಬೆರಳೋ ಅಷ್ಟಕ್ಕೆ ಮಾತು ಪಕ್ಕಾ. ಅದೇ ಪದ್ಧತಿ.

"ಎರಡು!" ಎಂದು ಕೂಗಿದ ಯರ್ರೆಪ್ಪ. "ಏನು ಎರಡು?"

"ಎರಡು ವರ್ಷ," ಎಂದ ಬಜಾರಪ್ಪ. "ನಮ್ಮ ಪ್ರೆಸ್ಸಿಗೆ ಆಳು ಹಿಡಿಯೋ ಮೇಸ್ತ್ರಿ ನಾನ ಅಲ್ಲಾ? ಐದು ವರ್ಷ ಇರತೀನಂದ್ರು. ಮೈಯಾಗ ಕಸುವಿಲ್ಲ, ಎರಡು ಸಾಕಂದೆ. ನಾಳೆ ಮುಂಜಾನೆ ಹತ್ತಿ ತುಳಿಯಾಕ ಬರ್ರಿ ಸಾಮಿ."

ಏಕಾಂತಪ್ಪ ಯರ್ರೆಪ್ಪನ ಕಾಲು ಹಿಡಿದ. "ಅಣ್ಣಾ, ಅದು ವ್ಯಾಪಾರ ಅಲ್ಲ! ನಾ ಕೈ ಹಿಡಿದು ತಡದೀನಿ. ಶುದ್ಧ ಮೋಸದಾಟ! ಪುಸ್ತಕದಾಗ ಐತಿ. ಸೀಟಿ ಊದು, ನನ್ನ ಹೊರಗ ಹಾಕು!"

"ವಲ್ಲಿ ಕೆಳಗಿಂದು ನಾ ನೋಡಿಲ್ಲಪಾ," ಎಂದ ಯರ್ರೆಪ್ಪ, ಮೂವತ್ತು ವರ್ಷದ ಪ್ರಾಮಾಣಿಕತೆಯಿಂದ.

ಜನರ ನಡುವಿನಿಂದ ಸಾವಕಾರ ಚನ್ನಬಸಯ್ಯನವರು ಏದುಸಿರು ಬಿಡುತ್ತ ಬಂದರು. ಮೂರು ಸಲ ಕೆಮ್ಮಿದರು.

"ಏಕಾಂತಪ್ಪಾ, ನಿನಗ ನಾ ಏನು ಕಡಿಮಿ ಮಾಡಿದ್ದೆ? ಕುರ್ಚಿ ಬಿಟ್ಟು ಅವರ ಚೀಲಕ್ಕ ಇಳಿತೀಯಾ? ಏನಂದಿ?"

"ನೀವ ಅಲ್ಲರೀ ಮುಂಜಾನಿ ಜಟಕಾದಾಗ ಕುಂತು ಹೇಳಿದ್ದು! ಬಜಾರಪ್ಪ ಬುಟ್ಟಿ ಹಾಕಿದ್ರ ಹತ್ತಿ ತುಳಿಯಾಕ ಹೋಗಂತ..."

"ನಾನಾ? ನಾ ನಿನ್ನೆ ಕೌತಾಳಕ್ಕ ಹೋದಾಂವ ಈಗ ಬಸ್ಸಿಳಿದೀನಿ! ಜಟಕಾ ಮಿಲ್ಲಿನ ಮುಂದ ಖಾಲಿ ಬಿಟ್ಟು ಹೋಗಿದ್ದೆ!"

 ಹಿಂದಿನ ಸಾಲಿನಲ್ಲಿ ಯಾರೋ ನಗು ತಡೆಯಲಾರದೆ ಮೂರು ಸಲ ಕೆಮ್ಮಿದರು. ಎಲ್ಲರೂ ತಿರುಗಿದರು. ಹಾಲಸ್ವಾಮಿ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದ. "ಏಕಾಂತಪ್ಪಾ... ಏನಂದಿ?" ಎಂದ, ಎಲೆಅಡಿಕೆ ಇಲ್ಲದ ಬಾಯಿಂದ ಎಲೆಅಡಿಕೆಯ ದನಿ ತೆಗೆದು.

ಬಯಲು ಬಿದ್ದು ಬಿದ್ದು ನಕ್ಕಿತು. ಏಕಾಂತಪ್ಪ ಕೊನೆಯ ಆಸೆಯಿಂದ ಯರ್ರೆಪ್ಪನನ್ನು ನೋಡಿದ.

"ಮೋಸ ಜಟಕಾದಾಗ ಆಗೈತಿ, ವ್ಯಾಪಾರ ವಲ್ಲಿ ಕೆಳಗ ಆಗೈತಿ," ಎಂದ ಯರ್ರೆಪ್ಪ. "ಎರಡೂ ಬ್ಯಾರೆ. ಕೈ ಮಾತು ಕೈ ಮಾತ."

ಚನ್ನಬಸಯ್ಯನವರು ನಿಟ್ಟುಸಿರು ಬಿಟ್ಟರು. ಕೈ ಮಾತು ಮುರಿದರೆ ನಾಳೆ ಅವರ ವಲ್ಲಿಯನ್ನೂ ಯಾರೂ ಮುಟ್ಟುವುದಿಲ್ಲ. ಸುತ್ತ ನೋಡಿದರು. ಕಣ್ಣು ಇನ್ನೂ ನಗುತ್ತಿದ್ದ ಹಾಲಸ್ವಾಮಿಯ ಮೇಲೆ ನಿಂತಿತು.

"ಹಾಲಸ್ವಾಮೀ, ಇವನ ಜಾಗಾ ಖಾಲಿ ಆತು. ಬರೋ ಭಾನುವಾರದಿಂದ ಬಜಾರಪ್ಪನ್ನ ನೀನ ತಡಿ. ಏನಂದಿ?"

ಈ ಸಲ ದನಿ ಅಸಲಿಯದು. ಹಾಲಸ್ವಾಮಿಯ ಬಾಯಿ ತೆರೆದೇ ಇತ್ತು, ನಗು ಮಾತ್ರ ಒಳಗೇ ಉಳಿಯಿತು. ಬಜಾರಪ್ಪ ಅವನ ಎದೆಯ ಅಗಲವನ್ನು ಕಣ್ಣಲ್ಲೇ ಅಳೆದು, ಬೇಜಾರಿನಿಂದ ತಲೆಯಲ್ಲಾಡಿಸಿದ.

ಆಗ ಬಯಲಿನ ನಡುವಿನಿಂದ ಒಂದು ನಗು ಎದ್ದಿತು. ಏಕಾಂತಪ್ಪ ವಲ್ಲಿಯನ್ನು ಬಾಯಿಗೆ ತುರುಕಿಕೊಂಡರೂ ಅದು ನಿಲ್ಲಲಿಲ್ಲ. ನಾಳೆ ಬೆಳಿಗ್ಗೆ ಇಳಿಯಬೇಕಾದ ಚೀಲ ನೆನಪಾಯಿತು, ಅಪ್ಪನೂ ನೆನಪಾದ. ಇನ್ನೂ ಜೋರಾಗಿ ನಕ್ಕ. ಒಂದೊಂದು ಸಲ ನಕ್ಕಾಗಲೂ ಎಡಗಡೆಯ ಮೂರನೆಯ ಪಕ್ಕೆಲುಬು ಚುಳ್ ಎನ್ನುತ್ತಿತ್ತು. ಅದನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡು, ಕಣ್ಣೀರು ಸುರಿಸುತ್ತ, ಊರೆಲ್ಲ ನಕ್ಕು ಸುಮ್ಮನಾದ ಮೇಲೂ ಅವನೊಬ್ಬನೇ ನಗುತ್ತಿದ್ದ.