ಡಾಕ್ಟರ ಕೈಮೇಲೆ ಟವೆಲ್ಲು

ನನ್ನ ಚಿಕ್ಕಪ್ಪ ಬಾಯಿಬಿಟ್ಟು ಒಂದು ಬೆಲೆ ಹೇಳಿದ್ದನ್ನು ಕೇಳಿದವರು ಅಜ್ಜಂಪುರದಲ್ಲಿ ಯಾರೂ ಇರಲಿಲ್ಲ. ಮೂಗರೇ ಎಂದು ಕೇಳಬೇಡಿ! ಮಾತಿಗೆ ಕೂತರೆ ಎದುರಿದ್ದವರಿಗೆ ತರೀಕೆರೆ ಬಸ್ಸು ತಪ್ಪಿಸಿಬಿಡುವ ಮನುಷ್ಯ. ಆದರೆ ದನದ ದಳ್ಳಾಳಿ. ಆ ಕಸುಬಿನಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಕೊಳ್ಳುವವನ ಕೈಮೇಲೆ ಟವೆಲ್ಲು ಮುಚ್ಚಿ, ಅದರಡಿಯಲ್ಲಿ ಬೆರಳು ಒತ್ತಿ ಹೇಳುತ್ತಾರೆ. ನೋಡುವವರಿಗೆ ಕಾಣುವುದು ಎರಡು ಗಂಭೀರ ಮುಖ, ನಡುವೆ ಒದ್ದಾಡುವ ಒಂದು ಟವೆಲ್ಲು, ಅಷ್ಟೇ!

ಇದನ್ನು ಸಂತೆಯಲ್ಲೇ ಬಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಕಡೂರಿನ ಬಟ್ಟೆ ಅಂಗಡಿಯಲ್ಲಿ ಮಗಳ ಮದುವೆಯ ಸೀರೆ ಆರಿಸಿದ ಮೇಲೆ ಅಂಗಡಿಯವನ ಕೈಮೇಲೂ ಟವೆಲ್ಲು ಹಾಸಿದರು. ಅವನು ಪಾಪ, ಸೀರೆ ಮುಟ್ಟುವ ಮುಂಚೆ ಕೈ ಒರೆಸಿಕೋ ಎನ್ನುತ್ತಿದ್ದಾರೆ ಎಂದುಕೊಂಡು, ಚೆನ್ನಾಗಿ ಒರೆಸಿ, ಮಡಚಿ ವಾಪಸು ಕೊಟ್ಟ! ಆದರೂ ಬೆಲೆ ಇಳಿಸಿದರು ಅನ್ನಿ. ಎಷ್ಟಕ್ಕೆ ಎಂದು ಯಾರಿಗೂ ಹೇಳಲಿಲ್ಲ. "ಅವನ ಮುಖ ನೋಡ್ಬೇಕಿತ್ತು ಕಣೋ!" ಎಂದು ವಾರವೆಲ್ಲ ನಗುತ್ತಿದ್ದರು. ಗೆದ್ದದ್ದನ್ನು ಹೇಳಿಕೊಳ್ಳದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ.

ನಾನೂ ಅಪ್ಪನ ಗಂಟು ತಿಂದು ಬೆಳೆದವನಲ್ಲ. ಈರುಳ್ಳಿ ವ್ಯಾಪಾರದಲ್ಲಿ ಮೇಲೆ ಬಂದವನು. ಚೌಕಾಸಿಯ ಅರ್ಧ ಪಾಠ ಕಲಿತದ್ದು ಈ ಚಿಕ್ಕಪ್ಪನಿಂದಲೇ.

ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ಅಡುಗೆಮನೆಯಲ್ಲೇ ಕುಸಿದರು. ನನ್ನ ಈರುಳ್ಳಿ ಲಾರಿಯಲ್ಲೇ ಮಲಗಿಸಿಕೊಂಡು ತರೀಕೆರೆಯ ಒಂದು ನರ್ಸಿಂಗ್ ಹೋಮಿಗೆ ಓಡಿದೆವು. ಆಪರೇಷನ್ ಆಯಿತು, ಜೀವ ಉಳಿಯಿತು. ಮನೆಗೆ ಹೊರಡುವ ದಿನ ನೋಡಿದರೆ ಬಿಲ್ಲಿನಲ್ಲಿ 'ಸ್ಪೆಷಲ್ ನರ್ಸ್' ಎಂದು ಇನ್ನೊಂದು ಮೊತ್ತ! ಆಪರೇಷನ್ನಿಗೇ ಸಡ್ಡು ಹೊಡೆಯುವಷ್ಟು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಎಷ್ಟೇ ಅವಸರವಿರಲಿ, ಆಸ್ಪತ್ರೆಗೆ ಸೇರಿಸುವಾಗ ಯಾವುದಕ್ಕೆ ಎಷ್ಟು ಎಂದು ಕೇಳಿಕೊಳ್ಳಿ. ಅಳುತ್ತಿರುವಾಗ ಅದನ್ನೆಲ್ಲ ಕೇಳುವುದು ಹೇಗೆ ಎನ್ನುತ್ತೀರಾ? ಅಳದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ!

ಇಬ್ಬರೂ ಡಾಕ್ಟರ ಕೋಣೆಗೆ ನುಗ್ಗಿದೆವು.

"ನಿಮ್ಮನ್ನ ಕೇಳಿಯೇ ನರ್ಸ್ ಇಟ್ಟಿದ್ದು ಯಜಮಾನ್ರೇ," ಎಂದರು ಡಾಕ್ಟರು. "ಒಬ್ಬರು ಹಗಲೂ ರಾತ್ರಿ ಪಕ್ಕದಲ್ಲೇ ಇರ್ಬೇಕು, ಇಡೋಣವಾ ಅಂದೆ. ನೀವು ತಲೆ ಆಡಿಸಿದ್ರಿ."

"ತಲೆ ಆಡ್ಸಿದ್ರೆ ವ್ಯಾಪಾರ ಆಗೋಯ್ತಾ ಸ್ವಾಮಿ?" ಚಿಕ್ಕಪ್ಪನಿಗೆ ನಿಜವಾಗಿಯೂ ಆಶ್ಚರ್ಯ. "ತಲೆ ಹೋರೀನೂ ಆಡ್ಸುತ್ತೆ! ಬೆರಳು ಎಲ್ಲಿ ಹಿಡ್ಕೊಂಡ್ರಿ ನೀವು?"

ಹೀಗೆಂದವರೇ ಟವೆಲ್ಲು ತೆಗೆದು ಡಾಕ್ಟರ ಕೈಮೇಲೆ ಹಾಕಿ, ಅದರೊಳಗೆ ಕೈ ತೂರಿಸಿದರು. ಡಾಕ್ಟರು ಒಂದು ಗಳಿಗೆ ಬೆಚ್ಚಿದರು. ಆಮೇಲೆ ಅಭ್ಯಾಸಬಲದಿಂದ ಚಿಕ್ಕಪ್ಪನ ಮಣಿಕಟ್ಟು ಹಿಡಿದು, ಗಡಿಯಾರ ನೋಡಿ, "ನಾಡಿ ಸ್ವಲ್ಪ ಜೋರಾಗಿದೆ. ಕೂತ್ಕೊಳ್ಳಿ," ಎಂದರು!

ಇನ್ನು ಬಿಟ್ಟರೆ ಕೆಟ್ಟೆವು ಎಂದು ನಾನು ಬಾಯಿ ಹಾಕಿದೆ. "ಇಡೋಣವಾ ಅಂತ ಕೇಳಿದ್ದು ಸರಿ ಸಾರ್. ಇಷ್ಟಾಗುತ್ತೆ ಅಂತ ಹೇಳಿದ್ರಾ?" ಹೇಳಿರಲಿಲ್ಲ. ಡಾಕ್ಟರು ನ್ಯಾಯವಂತರು. ತುಸು ಯೋಚಿಸಿ, ನರ್ಸಿನ ಬಾಬಿನಲ್ಲಿ ಅರ್ಧ ಹೊಡೆದುಹಾಕಿದರು. ಚಿಕ್ಕಪ್ಪನ ಬದುಕಿನಲ್ಲೇ ದೊಡ್ಡ ಗೆಲುವು! ಮೀಸೆಯ ಅಡಿಯಲ್ಲಿ ನಗು ಆಗಲೇ ಸಿದ್ಧವಾಗಿತ್ತು.

ಹೊರಗೆ ಬಂದರೆ ಆ ನರ್ಸಮ್ಮ ಗಂಜಿಯ ಲೋಟ ಹಿಡಿದು ನಿಂತಿದ್ದಳು. "ನೀವು ಒಳಗೆ ಕೂಗಾಡಿದ್ದು ಅಮ್ಮನಿಗೂ ಕೇಳಿಸ್ತು. ಗೋಡೆ ಕಡೆ ತಿರುಗಿಬಿಟ್ರು. ಒಂದು ಗುಟುಕು ಕುಡೀತಿಲ್ಲ. ಹೀಗಾದ್ರೆ ಮನೆಗೆ ಕಳಿಸೋದು ಹೇಗೆ?"

ಇಬ್ಬರೂ ಚಿಕ್ಕಮ್ಮನ ಮಂಚದ ಹತ್ತಿರ ಹೋದೆವು. ಅವರು ತಿರುಗದೆಯೇ ಕೇಳಿದರು. "ಎಷ್ಟಕ್ಕೆ ಇಳೀತು ನನ್ನ ರೇಟು?"

ಚಿಕ್ಕಪ್ಪ ನಿಂತಲ್ಲೇ ನಿಂತರು. ಮೀಸೆಯ ಅಡಿಯ ನಗು ಎಲ್ಲಿಗೆ ಹೋಯಿತೋ!

"ಎಲ್ಲಿ ಇಳಿಯುತ್ತೆ?" ಎಂದರು ಮೆಲ್ಲಗೆ. "ಆ ಡಾಕ್ಟ್ರು ಭಾರಿ ಗಟ್ಟಿ ಕಣೇ. ಒಂದು ಕಾಸೂ ಬಿಡ್ಲಿಲ್ಲ. ಕೇಳ್ದಷ್ಟೂ ಕೊಡ್ತೀನಿ ಅಂದ್ಬಂದೆ."

"ಹೌದೇನೋ?" ಚಿಕ್ಕಮ್ಮ ಈಗ ತಿರುಗಿ ನನ್ನ ಮುಖ ನೋಡಿದರು.

"ನಮ್ಮಿಬ್ಬರ ಆಟ ಏನೂ ನಡೀಲಿಲ್ಲ ಚಿಕ್ಕಮ್ಮ," ಎಂದೆ. ವ್ಯಾಪಾರದಲ್ಲಿ ಇದಕ್ಕಿಂತ ಸಣ್ಣ ಲಾಭಕ್ಕೆ ಇದಕ್ಕಿಂತ ದೊಡ್ಡ ಸುಳ್ಳು ಹೇಳಿದವನು ನಾನು.

"ಸೋತ್ಬಂದ್ರಾ?" ಚಿಕ್ಕಮ್ಮ ಗಂಡನನ್ನು ಕೇಳಿದರು.

"ಹೂಂ ಕಣೇ. ಸೋತೆ."

ಚಿಕ್ಕಮ್ಮ ಲೋಟಕ್ಕೆ ಕೈ ಚಾಚಿದರು.

ಊರಿಗೆ ಬಂದ ಮೇಲೆ ಚಿಕ್ಕಮ್ಮ ಗಂಡನ ಈ ಸೋಲನ್ನು ಕೇರಿಗೆಲ್ಲ ಸಾರಿದರು. ಸಂತೆಯಲ್ಲಿ ಜೊತೆಯ ದಳ್ಳಾಳಿಗಳು ಬಿಡುತ್ತಾರೆಯೇ? "ಏನ್ ಯಜಮಾನ್ರೇ, ಸೂಜಿ ಚುಚ್ಚೋರ ಮುಂದೆ ಮೀಸೆ ಮಣ್ಣಾಯ್ತಂತೆ!" ಎಂದು ವರ್ಷಗಟ್ಟಲೆ ರೇಗಿಸಿದರು. ಚಿಕ್ಕಪ್ಪ ಒಮ್ಮೆಯೂ ನಿಜ ಹೇಳಲಿಲ್ಲ. "ನೀವೇ ಹೋಗಿದ್ರೂ ಅಷ್ಟೇ ಆಗ್ತಿತ್ತು ಕಣ್ರೋ," ಎನ್ನುತ್ತಿದ್ದರು. ಚಿಕ್ಕಮ್ಮ ತೀರಿಕೊಂಡ ಮೇಲೂ ಹಾಗೆಯೇ ಎನ್ನುತ್ತಿದ್ದರು.