ಅಪ್ಪನ ಗಾಡಿಗೆ ಬಸ್ಸಿನ ಹಾರ್ನು

ನಮ್ಮ ಮನೆಯ ಯಾವುದೇ ಸಾಮಾನು ರಿಪೇರಿಗೆ ಹೋಗಲಿ, ಒಂಟಿಯಾಗಿ ವಾಪಸ್ ಬಂದದ್ದಿಲ್ಲ. ಒಂದು ಪೇಚಾಟವನ್ನು ಜೊತೆಗೆ ಕರೆದುಕೊಂಡೇ ಬರುತ್ತದೆ. ಮಿಕ್ಕವು ಹಾಗಿರಲಿ. ಎಪ್ಪತ್ತರ ದಶಕದ ಕೊನೆಯಲ್ಲಿ ಅಪ್ಪ ತಮ್ಮ ಹಳೇ ಮೋಟರ್‌ಸೈಕಲ್ಲಿಗೆ ಜೋರು ದನಿಯ ಹಾರ್ನು ಹಾಕಿಸಲು ಹೊರಟರಲ್ಲ, ಅದೊಂದನ್ನು ಹೇಳಿದರೆ ಸಾಕು.

೧. ಎರಡು ಸಣ್ಣ ದನಿ

ಅಪ್ಪ ರಾಯಚೂರಿನಲ್ಲಿ ದನದ ಡಾಕ್ಟರು. ಅವರ ಗಾಡಿ ವಯಸ್ಸಿನಲ್ಲಿ ನನಗಿಂತ ಹಿರಿಯದು. ಮಟಮಾರಿ, ಗುಂಜಹಳ್ಳಿ, ಗಿಲ್ಲೆಸುಗೂರು ಅಂತ ತಿರುಗಿ ತಿರುಗಿ ಅದರ ಇಂಜಿನ್ನು ಪಳಗಿತ್ತು, ಹಾರ್ನು ಮಾತ್ರ ಸೊರಗಿತ್ತು. ಗುಂಡಿ ಒತ್ತಿದರೆ ನೆಗಡಿಯಾದ ಬೆಕ್ಕಿನ ಹಾಗೆ ಮೀಂವ್ ಅನ್ನುತ್ತಿತ್ತು. ರಸ್ತೆ ನಡುವೆ ಮೆಲುಕು ಹಾಕುತ್ತ ಮಲಗಿದ ಎಮ್ಮೆ ಅದಕ್ಕೆ ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ. ಅಪ್ಪ ಗಾಡಿಯಿಂದ ಇಳಿದು, ಹತ್ತಿರ ಹೋಗಿ, ಬೆನ್ನು ತಟ್ಟಿ, "ಏಳವ್ವಾ, ನಮಗೂ ಹೋಗೂದದ" ಅಂತ ಕೇಳಿಕೊಳ್ಳಬೇಕಿತ್ತು.

ಎರಡನೆಯ ಸಣ್ಣ ದನಿ ನನ್ನದು. ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಹುಡುಗಿಯರು ದನಿ ಏರಿಸಬಾರದು ಅಂತ ಕಲಿಸಿದ್ದರು. ಕಲಿಸಿದ್ದರಲ್ಲಿ ನನಗೆ ಪೂರ್ತಿ ಅಂಟಿದ್ದು ಅದೊಂದೇ. ಬಿ.ಎಡ್. ಮುಗಿಸಿದ ಮೇಲೆ ಟೀಚರ್ ಕೆಲಸ ಕೇಳಿಕೊಂಡು ಊರಿನ ಒಂದು ಶಾಲೆಗೆ ಹೋದೆ. ಪಾಠ ಮಾಡಿ ತೋರಿಸು ಅಂದರು, ತೋರಿಸಿದೆ. ಹಿಂದೆ ಕುಳಿತು ಕೇಳುತ್ತಿದ್ದ ಹಿರಿಯ ಟೀಚರಮ್ಮ, "ಪಾಠ ಛಲೋ ಇದ್ದಿರಬೇಕವ್ವಾ. ಆದ್ರ ಕೊನೀ ಬೆಂಚಿನ ತನಕ ಬರಲಿಲ್ಲ" ಅಂದರು. ಇನ್ನೊಂದು ಶಾಲೆಯಲ್ಲೂ ಅದೇ ಕೊನೆಯ ಬೆಂಚು ನನ್ನನ್ನು ಮನೆಗೆ ಕಳಿಸಿತು. ಉಳಿದದ್ದು ಮಾನ್ವಿಯ ಒಂದು ಶಾಲೆ. ಅಲ್ಲೂ ಹೀಗೇ ಆದರೆ ಅಮ್ಮನ ಜೊತೆ ಹಪ್ಪಳ ಒತ್ತುತ್ತ ಕೂಡುವುದೇ ಗತಿ.

ಅಮ್ಮ ರೊಟ್ಟಿ ಬಡಿಯುತ್ತ ಅಂದಳು: "ಒಂದು ಗಾಡಿ, ಒಂದು ಮಗಳು. ಎರಡೂ ಎದುರಿಗೆ ಬಂದು ನಿಂತರೂ ಬಂದದ್ದು ಗೊತ್ತಾಗಂಗಿಲ್ಲ."

ಅಪ್ಪ ಗಂಭೀರವಾಗಿ, "ಗಾಡೀದು ನಾ ನೋಡ್ತೀನಿ. ಮಗಳದು ನೀ ನೋಡು" ಅಂದರು.

೨. ಲಾರಿ ಹಾರ್ನು

ತೀನ್ ಕಂದೀಲ್ ಸರ್ಕಲ್ಲಿನ ಹತ್ತಿರ ಅಪ್ಪನ ಕಾಯಂ ಮಿಸ್ತ್ರಿ ಒಬ್ಬನಿದ್ದ. ಹಾರ್ನಿನ ಗೋಳು ಕೇಳಿ ಅವನು ಅಭಯ ಕೊಟ್ಟ: "ಫಿಕರ್ ಮಾಡಬ್ಯಾಡ್ರಿ ಡಾಕ್ಟರ್ ಸಾಬ್. ಲಾರೀದು ಹಾಕ್ತೀನಿ. ಎಮ್ಮಿ ಅಲ್ಲ, ಎಮ್ಮಿ ಕಾಯಾಂವ ಸುದ್ದಾ ಎದ್ದು ಓಡಬೇಕು."

ಹಾಕಿದ. ಅಪ್ಪ ಅಂಗಡಿಯ ಮುಂದೆಯೇ ಗಾಡಿ ಚಾಲೂ ಮಾಡಿ ಗುಂಡಿ ಒತ್ತಿದರು. ಓಣಿಯ ಈ ತುದಿಯಿಂದ ಆ ತುದಿಗೆ ಎಲ್ಲರೂ ತಿರುಗಿ ನೋಡುವಂಥ ದನಿ ಬಂತು. ಹಿಂದಿನ ಸೀಟಿನಲ್ಲಿದ್ದ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಮರುಗಳಿಗೆ ಗಾಡಿ ಒಂದು ಬಿಕ್ಕು ಬಿಕ್ಕಿ ನಿಂತೇಹೋಯಿತು. ಮತ್ತೆ ಒದ್ದು ಚಾಲೂ ಮಾಡಿದರು, ಮತ್ತೆ ಒತ್ತಿದರು, ಮತ್ತೆ ನಿಂತಿತು. ಆ ಮುದಿ ಗಾಡಿಯ ಸಣ್ಣ ಬ್ಯಾಟರಿಯಲ್ಲಿದ್ದ ಕಸುವನ್ನೆಲ್ಲ ಲಾರಿ ಹಾರ್ನು ಒಂದೇ ಗುಟುಕಿಗೆ ಕುಡಿದುಬಿಡುತ್ತಿತ್ತು. ಇಂಜಿನ್ನಿಗೆ ಏನೂ ಉಳಿಯುತ್ತಿರಲಿಲ್ಲ.

"ಹಿಂಗಾದ್ರ ಹ್ಯಾಂಗಪಾ?" ಅಂದರು ಅಪ್ಪ.

ಮಿಸ್ತ್ರಿ ಸ್ವಲ್ಪವೂ ಅಳುಕಲಿಲ್ಲ. "ಛಲೋನೇ ಆತಲ್ರಿ ಸಾಬ್. ನೀವು ಹಾರ್ನ್ ಹೊಡಿಯೋದು ಎಮ್ಮಿ ಅಡ್ಡ ಬಂದಾಗ. ಆವಾಗ ಗಾಡಿ ತಾನೇ ನಿಂದರ್ತದ. ಬ್ರೇಕ್ ಸವಿಯಂಗಿಲ್ಲ."

೩. ಗಿಲ್ಲೆಸುಗೂರಿನ ಪ್ರಯಾಣಿಕರು

ಅಪ್ಪ ಸೋಲುವ ಪೈಕಿ ಅಲ್ಲ. ಕೆಲಸದ ಮೇಲೆ ದೇವದುರ್ಗಕ್ಕೆ ಹೋದವರು ಬರುವಾಗ ಟವೆಲ್ಲಿನಲ್ಲಿ ಕೂಸಿನ ಹಾಗೆ ಏನನ್ನೋ ಸುತ್ತಿಕೊಂಡು ತಂದರು. ಬಿಚ್ಚಿದರೆ, ಯಾವುದೋ ಕಾಲದ ಬಸ್ಸಿನ ಹಿತ್ತಾಳೆ ಹಾರ್ನು. ಗುಜರಿ ಅಂಗಡಿಯಲ್ಲಿ ಸಿಕ್ಕಿತಂತೆ. ಒಂದು ತುದಿಗೆ ಕಹಳೆಯಂಥ ಬಾಯಿ, ಇನ್ನೊಂದು ತುದಿಗೆ ಬದನೆಕಾಯಿಯಷ್ಟು ದಪ್ಪದ ರಬ್ಬರ್ ಉಂಡೆ. ಹಿಚುಕಿದರೆ ಪೋಂಯ್ ಅಂತ ಮನೆ ತುಂಬುವ ದನಿ. ಬ್ಯಾಟರಿಯ ಹಂಗಿಲ್ಲ. ಅಮ್ಮ ಗಂಡನನ್ನೂ ಹಾರ್ನನ್ನೂ ನೋಡಿ, "ಇನ್ನ ಟಿಕೆಟ್ ಹರಿಯೂದೊಂದು ಬಾಕಿ ಉಳೀತು" ಅಂದಳು.

ಅದನ್ನು ಹ್ಯಾಂಡಲ್ಲಿಗೆ ಕಟ್ಟಿಕೊಂಡು ಅಪ್ಪ ಗಿಲ್ಲೆಸುಗೂರಿಗೆ ಹೋದರು. ಕೆಲಸವಿಲ್ಲದೆ ಮನೆಯಲ್ಲೇ ಇದ್ದದ್ದರಿಂದ ಹಿಂದೆ ನಾನೂ ಇದ್ದೆ. ಊರ ಹೊರಗಿನ ತಿರುವಿನಲ್ಲಿ ಎರಡು ಸಲ ಪೋಂಯ್ ಅನ್ನಿಸಿದ್ದೇ ತಡ, ಮನೆಮನೆಯಿಂದ ಜನ ಗಂಟು, ಬುಟ್ಟಿ, ಕೂಸು ಎತ್ತಿಕೊಂಡು ಓಡಿ ಬಂದು ಬೇವಿನ ಗಿಡದ ಕೆಳಗೆ ನಿಂತರು. ಮೊದಲು ಬಂದು ತಲುಪಿದ ಮುದುಕಿ ಏದುಸಿರು ಬಿಡುತ್ತ, "ಯಪ್ಪಾ, ರಾಯಚೂರು ಬಸ್ ಎಲ್ಲಿ?" ಅಂದಳು.

"ಬಸ್ ಅಲ್ಲವ್ವಾ, ನಾನು."

ಮುದುಕಿ ಅಪ್ಪನನ್ನು ಮೇಲಿಂದ ಕೆಳಗೆ ನೋಡಿದಳು, ನನ್ನನ್ನು ನೋಡಿದಳು. "ಒಬ್ಬಾಕಿ ಕುಂತಾಳಲ್ಲ. ನನ್ನ ಗಂಟು ಒಂದಾರ ಹಾಕ್ಕೊಂಡು ಹೋಗು. ನಾ ಹಿಂದ ಬರ್ತೀನಿ."

ಅಷ್ಟಕ್ಕೇ ಮುಗಿಯಲಿಲ್ಲ. ಕೆಲವು ದಿನ ಹೀಗೆ ಸುಳ್ಳು ಸುಳ್ಳೇ ಓಡಿ ಬಂದು ಜನರಿಗೆ ಬುದ್ಧಿ ಬಂತು. ನಿಜವಾದ ಬಸ್ಸು ಬಂದು ಎಷ್ಟು ಹಾರ್ನು ಹೊಡೆದರೂ ಯಾರೂ ಕಟ್ಟೆಯಿಂದ ಏಳಲಿಲ್ಲವಂತೆ. ಕಂಡಕ್ಟರ್ ಇಳಿದು ಬಂದು ಕೇಳಿದರೆ, "ದನದ ಡಾಕ್ಟರು ಬಂದಾರಂತ ತಿಳಕೊಂಡ್ವಿ. ನಮಗೇನೂ ಜಡ್ಡಿಲ್ಲ" ಅಂದರಂತೆ.

೪. ಮಟಮಾರಿಯ ದನಗಳು

ಮನುಷ್ಯರಿಗಿಂತ ಮೊದಲು ಲೆಕ್ಕ ಕೂಡಿಸಿದವು ದನಗಳು. ಪೋಂಯ್ ಅಂದ ಸ್ವಲ್ಪ ಹೊತ್ತಿಗೆ ಸೂಜಿ ಚುಚ್ಚುತ್ತಾರೆ ಅಂತ ಮಟಮಾರಿಯ ಎತ್ತು, ಎಮ್ಮೆ, ಆಡುಗಳಿಗೆಲ್ಲ ಪಾಠವಾಯಿತು. ಲಸಿಕೆ ಹಾಕುವ ದಿನ ಅಪ್ಪ ನನ್ನನ್ನೂ ಹಿಂದೆ ಕೂಡಿಸಿಕೊಂಡು ಹಾರ್ನು ಹೊಡೆಯುತ್ತ ಊರೊಳಗೆ ಬಂದರೆ ಹಟ್ಟಿಯಲ್ಲಿ ಕಿತ್ತ ಗೂಟಗಳು ಮಾತ್ರ ಇದ್ದವು. ದನಗಳು ದಿಗಂತದಲ್ಲಿ ಧೂಳಾಗಿದ್ದವು.

ಕುರಿ, ದನ ಕಾಯುವ ಹಿರಿಯನೊಬ್ಬ ಬಾಲ ಎತ್ತಿ ಓಡುತ್ತಿದ್ದ ತನ್ನ ಕೊನೆಯ ಹೋರಿಯನ್ನು ನೋಡುತ್ತ ನಿಂತಿದ್ದ. ಬೈಯುತ್ತಾನೆ ಅಂದುಕೊಂಡೆ. ಅವನು ಕೈ ಮುಗಿದು ಅಂದ: "ಡಾಕ್ಟರಪ್ಪಾ, ಸೂಜಿ ಆಮ್ಯಾಗ ನೋಡಾಣ. ಆ ರಬ್ಬರ್ ಒಂದು ಕೊಟ್ಟು ಹೋಗ್ರಿ. ಬಾಜೂ ಹೊಲದಾಂವನ ದನ ದಿನಾ ನನ್ನ ಜ್ವಾಳಾ ಮೇಯಾಕತ್ಯಾವ."

೫. ಮಾನ್ವಿ ಬಸ್ಸು

ಮಾನ್ವಿ ಶಾಲೆಯಿಂದ ಕರೆ ಬಂತು. ಅಪ್ಪ ನನ್ನನ್ನು ಗಾಡಿಯ ಮೇಲೆ ಬಸ್‌ಸ್ಟ್ಯಾಂಡಿಗೆ ತಂದರು. ಬಸ್ಸಿಗೆ ಜನ ಮುತ್ತಿದ್ದರು. ನಮ್ಮ ಕಡೆ ಸೀಟು ಹಿಡಿಯುವುದು ಬಾಗಿಲಿನಿಂದಲ್ಲ, ಕಿಟಕಿಯಿಂದ. ಅಪ್ಪ ನನ್ನ ಚೀಲವನ್ನು ಕಿಟಕಿಯೊಳಗೆ ತೂರಿಸಿ ಒಂದು ಸೀಟಿನ ಮೇಲೆ ಒಗೆದರು. ಚೀಲದಲ್ಲಿ ನನ್ನ ಸರ್ಟಿಫಿಕೇಟುಗಳಿದ್ದವು. "ಸೀಟ್ ಆತು. ಇನ್ನ ಯಾಕ ಅವಸರ, ಚಹಾ ಕುಡಿಯೂಣು" ಅಂದರು. ಚಹಾ ಬಸಿಯಲ್ಲಿ ಆರುತ್ತಿರುವಾಗಲೇ ಬಸ್ಸು ಹೊರಟಿತು. ಸೀಟಿನ ಮೇಲೆ ಚೀಲ ಆರಾಮಾಗಿ ಕುಳಿತು ಮಾನ್ವಿಗೆ ಹೋಯಿತು.

ನಾವು ಗಾಡಿ ಹತ್ತಿ ಬೆನ್ನು ಹತ್ತಿದೆವು. ಊರು ದಾಟಿದ ಮೇಲೆ ಬಸ್ಸಿನ ಹಿಂಭಾಗ ಕಂಡಿತು. ಅಪ್ಪ ಉಂಡೆ ಹಿಚುಕಿದರು. ಪೋಂಯ್. ಬಸ್ಸು ನಿಲ್ಲುವ ಬದಲು ಜೋರಾಯಿತು. ಇನ್ನೆರಡು ಸಲ ಹಿಚುಕಿದರು. ಅದು ಇನ್ನೂ ಜೋರಾಗಿ, ತಾನೂ ಒಂದು ಹಾರ್ನು ಹೊಡೆದು, ರಸ್ತೆಗೆ ಅಡ್ಡಡ್ಡ ಹೊರಳುತ್ತ ಓಡಿತು.

ನನಗೆ ತಟ್ಟನೆ ಹೊಳೆಯಿತು. ಮಾನ್ವಿ ದಾರಿಯಲ್ಲಿ ಎರಡು ಖಾಸಗಿ ಬಸ್ಸುಗಳಿಗೆ ಎಣ್ಣೆ ಸೀಗೆಕಾಯಿ. ಹಿಂದಿನದು ಮುಂದೆ ಹೋದರೆ ಊರೂರಿನ ಜನ ಅದರ ಪಾಲು. ಬಸ್ಸು ಎಬ್ಬಿಸಿದ ಧೂಳಿನಲ್ಲಿ ಡ್ರೈವರನಿಗೆ ನಾವು ಕಾಣುತ್ತಿರಲಿಲ್ಲ, ಬರೀ ಕೇಳಿಸುತ್ತಿದ್ದೆವು. ಕೇಳಿಸುತ್ತಿದ್ದದ್ದು ಬಸ್ಸು.

"ಅಪ್ಪಾ, ಹಾರ್ನ್ ಹೊಡೀಬ್ಯಾಡ್ರಿ" ಅಂದೆ. ನನ್ನ ದನಿ ಅವರ ಬೆನ್ನಿನ ತನಕವೂ ಹೋಗಲಿಲ್ಲ. ಅವರು ಸಿಟ್ಟಿನಲ್ಲಿ ಉಂಡೆಯನ್ನು ಹಿಂಡಿಬಿಟ್ಟರು. ಹಳೇ ರಬ್ಬರು ಪುಸ್ ಅಂತ ಹರಿದು ಕೈಗೆ ಬಂತು.

ಹಾರ್ನು ಸತ್ತ ಮೇಲೆ ಡ್ರೈವರ್ ಗೆದ್ದೆನೆಂದು ಸ್ವಲ್ಪ ಮೆಲ್ಲಗಾದ. ಗಾಡಿ ಬಸ್ಸಿನ ಹಿಂದಕ್ಕೆ ಹತ್ತಿರವಾಯಿತು. ಅಪ್ಪ ತಿರುಗದೆ ಅಂದರು: "ಈಗ ನೀನೇ ಒದರು."

ಬಾಯಿ ತೆರೆದೆ. ಬಂದದ್ದು "ಎಕ್ಸ್‌ಕ್ಯೂಸ್ ಮೀ."

"ಬಸ್ಸಿಗೆ ಇಂಗ್ಲಿಷ್ ಬರಂಗಿಲ್ಲವ್ವಾ" ಅಂದರು ಅಪ್ಪ.

ಮುಂದೆ ಏರು ಬಂತು, ನಮ್ಮ ಗಾಡಿ ಉಬ್ಬಸ ಪಡತೊಡಗಿತು. ಬಸ್ಸು ದೂರವಾಗುತ್ತಿತ್ತು. ನನ್ನ ಬಿ.ಎಡ್., ನನ್ನ ಮಾರ್ಕ್ಸು, ಎಲ್ಲ ಕಿಟಕಿಯೊಳಗೆ. ಕಣ್ಣೆದುರಿಗೆ ಹಪ್ಪಳಗಳು ಸಾಲಾಗಿ ಬಿಸಿಲಿಗೆ ಬಿದ್ದಂತೆ ಕಂಡವು. ಎಲ್ಲಿತ್ತೋ ಏನೋ, ಹೊಟ್ಟೆಯ ತಳದಿಂದ ಎದ್ದು ಬಂತು:

"ಲೇ ಡ್ರೈವರಾ, ನಿಂದರಸೋ, ನನ್ನ ಚೀಲಾ ಕೊಟ್ಟು ಹೋಗೋ."

ಬಸ್ಸು ಗಕ್ಕನೆ ನಿಂತಿತು. ಪಕ್ಕದ ಹೊಲದಲ್ಲಿ ಎಡೆ ಹೊಡೆಯುತ್ತಿದ್ದವನೂ ಎತ್ತು ನಿಲ್ಲಿಸಿದ. ಅಪ್ಪನೂ ಬ್ರೇಕು ಹಾಕಿದರು, ತಮಗೆ ಹೇಳಿದ್ದಲ್ಲ ಅಂತ ಆಮೇಲೆ ಗೊತ್ತಾಯಿತಂತೆ.

ಹಿಂಬಾಗಿಲಿನಿಂದ ಬಸ್ಸು ಹತ್ತಿ, ಚೀಲ ತೊಡೆಯ ಮೇಲಿಟ್ಟುಕೊಂಡು, ಸೆರಗಿನಲ್ಲಿ ಮುಖ ಮುಚ್ಚಿಕೊಂಡವಳು ಮಾನ್ವಿ ಬರುವವರೆಗೂ ತಲೆ ಎತ್ತಲಿಲ್ಲ.

ಶಾಲೆಯ ಕೋಣೆಯಲ್ಲಿ ಮೇಜಿನ ಆಚೆ ಹೆಡ್‌ಮಾಸ್ತರರು, ಪಕ್ಕದಲ್ಲಿ ಇನ್ನೊಬ್ಬ ಮಾಸ್ತರರು. ಹೆಸರು ಕೇಳಿದರು. ಒದರಿದ ಗಂಟಲು ಪೂರ್ತಿ ಕಟ್ಟಿತ್ತು. ಹೇಳಹೋದರೆ ನಮ್ಮ ಗಾಡಿಯ ಮೊದಲಿನ ಹಾರ್ನು ಬಂತು, ಮೀಂವ್. ಪಕ್ಕದ ಮಾಸ್ತರರು ಪೆನ್ನು ಕೆಳಗಿಟ್ಟರು. "ಹಿಂಗ ಮಾತಾಡಿದ್ರ ಕೊನೀ ಬೆಂಚಿಗೆ ಹ್ಯಾಂಗ ಕೇಳಸ್ತದವ್ವಾ?"

ಹೆಡ್‌ಮಾಸ್ತರರು ಕೋಟಿನ ತೋಳಿನ ಮೇಲಿನ ಧೂಳನ್ನು ಕೊಡವುತ್ತಿದ್ದರು. ಕೊಡವುತ್ತಲೇ ಅಂದರು: "ಮುಂಜಾನಿ ಬಸ್ಸಿನಾಗ ನಾನು ಡ್ರೈವರ್ ಬಾಜೂ ಕುಂತಿದ್ದೆ ಮಾಸ್ತರ. ಇವರು ಬಸ್ಸಿನ ಹಿಂದ, ಅದೂ ಹೊರಗಿದ್ರು. ಕೊನೀ ಬೆಂಚಿನ ಚಿಂತಿ ಬಿಡ್ರಿ. ಬಾಜೂ ಶಾಲಿಯವರು ತಕರಾರು ತರದಿದ್ರ ಸಾಕು."